ಮೊದಲ ಇಪ್ಪತ್ತು ಮೀಟರ್: ಮಲೆನಾಡಿನ ನೆಲದಲ್ಲಿ ಗಾಡಿ ಎತ್ತುವ ಲೆಕ್ಕ

'ಮೂರು ಸಾವಿರ ಆರ್‌ಪಿಎಂಗೆ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ರೇಸ್ ಕೊಟ್ಟು ಕ್ಲಚ್ ಬಿಡು' ಎನ್ನುವವರು ಎಂಥ ನೆಲದ ಮೇಲೆ ಎನ್ನುವುದನ್ನು ಹೇಳುವುದೇ ಇಲ್ಲ. ಒಣ ಡಾಂಬರಿನ ಮೇಲೆ ಬಾಣದಂತೆ ಹೊರಡಿಸುವ ಅದೇ ಮೂರು ಸಾವಿರ, ತೀರ್ಥಹಳ್ಳಿ ಕಡೆಯ ಒದ್ದೆ ಕೆಮ್ಮಣ್ಣಿನ ಮೇಲೆ ಗಾಡಿಯನ್ನು ನಿಂತಲ್ಲೇ ಹೂತುಹಾಕುತ್ತದೆ. ಲಾಂಚಿನಲ್ಲಿ, ಅಂದರೆ ನಿಂತ ಗಾಡಿಯನ್ನು ಒಮ್ಮೆಲೇ ವೇಗವಾಗಿ ಹೊರಡಿಸುವುದರಲ್ಲಿ, ಕೊನೆಯ ಮಾತು ಟಯರಿನದು. ಟಯರಿನ ಮಾತು ಕೇಳಬೇಕಾದರೆ ಮೊದಲು ಕಾಲಡಿಯ ನೆಲ ನೋಡಬೇಕು. ನಮ್ಮ ಕಡೆ ಆ ನೆಲ ನೂರು ಮೀಟರಿಗೊಮ್ಮೆ ಬದಲಾಗುತ್ತದೆ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಕೆಳಗೆ ಬರೆದಿರುವುದೆಲ್ಲ ಮುಚ್ಚಿದ ಜಾಗಕ್ಕೆ: ಆಟೋಕ್ರಾಸ್ (ಗುರುತು ಹಾಕಿದ ಸುತ್ತಿನಲ್ಲಿ ಸಮಯದ ಮೇಲೆ ಓಡಿಸುವ ಪಂದ್ಯ) ಟ್ರ್ಯಾಕ್, ರ‍್ಯಾಲಿಯ ಸ್ಟೇಜ್, ಮಾಲೀಕರ ಒಪ್ಪಿಗೆ ಇರುವ ಖಾಸಗಿ ಮೈದಾನ. ಹದಿನಾಲ್ಕು ತಿರುವಿನ ಆಗುಂಬೆ ಘಾಟಿ ಇದಕ್ಕೆ ಜಾಗವಲ್ಲ, ಬೆಳಗಿನ ಜಾವ ಖಾಲಿ ಇರುವ ಹೆದ್ದಾರಿಯೂ ಅಲ್ಲ. ಸಾರ್ವಜನಿಕ ರಸ್ತೆಯಲ್ಲಿ ಪಂದ್ಯ ಕಟ್ಟುವುದು, ವೇಗ ಪರೀಕ್ಷಿಸುವುದು ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನ ಪ್ರಕಾರ ಅಪರಾಧ. ಕಾನೂನಿನ ಮಾತು ಹಾಗಿರಲಿ, ತಿರುವಿನ ಆಚೆ ಹಾಲಿನ ಡೈರಿಗೆ ಹೊರಟವರು ಇರುತ್ತಾರೆ, ದನ ಇರುತ್ತದೆ.

ಲೆಕ್ಕಕ್ಕೆ ಎಲ್ಲರಿಗೂ ಗೊತ್ತಿರುವ ಒಂದು ಗಾಡಿ ಇಟ್ಟುಕೊಳ್ಳೋಣ. ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿಯ 1.5 ಲೀಟರ್ ಟರ್ಬೊ ಎಂಜಿನ್ ಕೊಡುವುದು 150 ಪಿಎಸ್ ಶಕ್ತಿ, 250 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ). ಚಾಲಕ ಸೇರಿ ತೂಕ 1,300 ಕೆ.ಜಿ. ಎನ್ನೋಣ. ಮೊದಲ ಗೇರ್ ಮತ್ತು ಫೈನಲ್ ಡ್ರೈವ್ (ಚಕ್ರಕ್ಕೆ ಹೋಗುವ ಮುಂಚಿನ ಕೊನೆಯ ಗೇರ್) ಸೇರಿ ಟಾರ್ಕ್ ಸುಮಾರು 14 ಪಟ್ಟು ಹಿಗ್ಗುತ್ತದೆ ಎಂದಿಟ್ಟುಕೊಂಡರೆ ಚಕ್ರಕ್ಕೆ ಬರುವುದು 3,500 ನ್ಯೂಟನ್ ಮೀಟರ್. 205/55 ಆರ್16 ಟಯರಿನ ತ್ರಿಜ್ಯ 0.316 ಮೀಟರ್. ಗೇರ್‌ಬಾಕ್ಸಿನಲ್ಲಿ ನೂರಕ್ಕೆ ಹತ್ತು ಪಾಲು ಕಳೆದರೂ ನೆಲವನ್ನು ಹಿಂದಕ್ಕೆ ತಳ್ಳುವ ಬಲ ಹೆಚ್ಚುಕಡಿಮೆ 1,000 ಕೆ.ಜಿ.ಯಷ್ಟು.

ಟಯರ್ ತಡೆದುಕೊಳ್ಳುವುದು ಎಷ್ಟು? ಈ ಗಾಡಿಯನ್ನು ಎಳೆಯುವುದು ಮುಂದಿನ ಚಕ್ರಗಳು. ನಿಂತಾಗ ಮುಂದಿನ ಚಕ್ರಗಳ ಮೇಲೆ ನೂರಕ್ಕೆ 60ರಷ್ಟು ತೂಕ, ಅಂದರೆ 780 ಕೆ.ಜಿ. ಇರುತ್ತದೆ. ಹೊರಟ ಕ್ಷಣ ಮೂತಿ ಮೇಲೆದ್ದು 120 ಕೆ.ಜಿ. ಚಿಲ್ಲರೆ ಹಿಂದಕ್ಕೆ ಜಾರುತ್ತದೆ. ಉಳಿದ 657 ಕೆ.ಜಿ.ಯನ್ನು ಒಣ ಡಾಂಬರಿನ ಘರ್ಷಣೆ 0.9ರಿಂದ ಗುಣಿಸಿದರೆ 590 ಕೆ.ಜಿ. ಎಂಜಿನ್ ಕೊಡಬಲ್ಲ ಸಾವಿರದಲ್ಲಿ ನಾನೂರು ಆಗಲೇ ವ್ಯರ್ಥ. ಒದ್ದೆ ಡಾಂಬರಿಗೆ ಘರ್ಷಣೆ 0.6 ಎಂದರೆ ಹಿಡಿತ 415ಕ್ಕೆ ಇಳಿಯುತ್ತದೆ. ಕೆಸರಾದ ಕೆಮ್ಮಣ್ಣಿಗೆ 0.3 ಎಂದರೆ ಬರೀ 220. ಹೀಗಾಗಿ ಮೊದಲ ಗೇರಿನಲ್ಲಿ ನಿಮ್ಮ ಬಲಗಾಲಿಗೆ ಸಿಗುವ ಪಾಲು ಒಣ ಡಾಂಬರಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಕೆಸರಿನಲ್ಲಿ ಕಾಲು ಭಾಗಕ್ಕೂ ಕಡಿಮೆ. ಎಂಜಿನ್ನಿನ ಕಂಪ್ಯೂಟರಿಗೆ ಚಿಪ್ ಹಾಕಿಸಿ ಇನ್ನೂ 50 ನ್ಯೂಟನ್ ಮೀಟರ್ ಏರಿಸಿದರೂ ಮೊದಲ ಇಪ್ಪತ್ತು ಮೀಟರಿನಲ್ಲಿ ಅದು ಒಂದು ಕೂದಲಿನಷ್ಟೂ ಸಹಾಯ ಮಾಡುವುದಿಲ್ಲ. ಅದೇ ದುಡ್ಡಿಗೆ ಒಳ್ಳೆಯ ಟಯರ್ ಹಾಕಿಸಿ ಎನ್ನುವುದು ನನ್ನ ಅಭಿಪ್ರಾಯ.

ಇಪ್ಪತ್ತು ಮೀಟರ್ ಯಾಕೆ? ಹಿಡಿತದ ಅಂಚಿನಲ್ಲಿ ಹೊರಟ ಈ ಗಾಡಿ 20 ಮೀಟರ್ ದಾಟಲು 3 ಸೆಕೆಂಡ್ ತೆಗೆದುಕೊಳ್ಳುತ್ತದೆ, ಆಗ ವೇಗ ಗಂಟೆಗೆ 48 ಕಿ.ಮೀ. ಟಯರ್ ಸುಮ್ಮನೆ ತಿರುಗಿ ಹಿಡಿತ ಕಾಲು ಭಾಗ ಕಳೆದರೆ 3.5 ಸೆಕೆಂಡ್, ವೇಗ 42. ಆ 0.5 ಸೆಕೆಂಡನ್ನು, ಗಂಟೆಗೆ ಆ 6 ಕಿ.ಮೀ.ಯನ್ನು ಮುಂದಿನ ನೇರ ದಾರಿಯ ಉದ್ದಕ್ಕೂ ಹೊತ್ತುಕೊಂಡೇ ಹೋಗಬೇಕು. ಒಂದು ಕಿಲೋಮೀಟರ್ ಉದ್ದದ ಆಟೋಕ್ರಾಸ್ ಸುತ್ತಿನಲ್ಲಿ ಇಷ್ಟನ್ನು ತಿರುವಿನಲ್ಲಿ ಮರಳಿ ಗಳಿಸುವುದು ಬಹಳ ಕಷ್ಟ.

ಇನ್ನು ನೆಲ. ಒಣ ಡಾಂಬರಿನಲ್ಲಿ ಟಯರ್ ಗಾಡಿಗಿಂತ ನೂರಕ್ಕೆ 10ರಿಂದ 15ರಷ್ಟು ಮಾತ್ರ ಹೆಚ್ಚು ತಿರುಗಬೇಕು, ಗರಿಷ್ಠ ಹಿಡಿತ ಇರುವುದು ಅಲ್ಲಿಯೇ. ಗಾಡಿ 20ರಲ್ಲಿದ್ದರೆ ಚಕ್ರ 22, 23. ಕಿವಿಗೆ ಕೇಳುವುದು ಸಣ್ಣ ಗೊಣಗಾಟ. ಕಿರುಚಾಟ ಕೇಳಿತೆಂದರೆ ಆಗಲೇ ಮಿತಿ ಮೀರಿದ್ದೀರಿ. ಆದರೆ ಡಾಂಬರು ಎಂದು ಕಂಡದ್ದೆಲ್ಲ ಡಾಂಬರಲ್ಲ. ಅಡಿಕೆ ಕೊಯ್ಲಿನ ಕಾಲದಲ್ಲಿ ತೋಟದಿಂದ ಹತ್ತುವ ಟ್ರ್ಯಾಕ್ಟರ್, ಪಿಕಪ್‌ಗಳು ಮಣ್ಣನ್ನು ರಸ್ತೆಗೆ ತಂದು ಉದುರಿಸುತ್ತವೆ. ಒಣಗಿದ ಆ ಕೆಂಪು ಹುಡಿ ಟಯರಿಗೂ ಡಾಂಬರಿಗೂ ನಡುವೆ ರಾಗಿ ಕಾಳು ಚೆಲ್ಲಿದಂತೆ. ಮರದ ನೆರಳಿನ ಅಂಚಿನಲ್ಲಿ ಪಾಚಿ ಇರುತ್ತದೆ, ಬೇಸಿಗೆಯಲ್ಲಿ ಕಪ್ಪಗೆ ಒಣಗಿ ಕಣ್ಣಿಗೆ ಕಾಣುವುದಿಲ್ಲ, ನಾಲ್ಕು ಹನಿ ಬಿದ್ದ ಕೂಡಲೇ ಜೀವ ಬರುತ್ತದೆ. ಭರಣಿ ಮಳೆಯ ಮೊದಲ ಅರ್ಧ ಗಂಟೆ ಎಲ್ಲಕ್ಕಿಂತ ಕೆಟ್ಟದ್ದು: ತಿಂಗಳುಗಟ್ಟಲೆ ಕೂತ ಎಣ್ಣೆ, ರಬ್ಬರ್, ಧೂಳು ಎಲ್ಲ ಸೇರಿ ಲೋಳೆಯಾಗುತ್ತದೆ. ಆರಿದ್ರಾ ಮಳೆ ಜಡಿದು ತೊಳೆದ ರಸ್ತೆ ಅದಕ್ಕಿಂತ ಎಷ್ಟೋ ವಾಸಿ.

ಕೆಮ್ಮಣ್ಣಿನ ಟ್ರ್ಯಾಕ್ ಬೇರೆಯೇ ಲೋಕ. ಮೇಲೆ ಎರಡು ಮೂರು ಬೆರಳಿನಷ್ಟು ಹುಡಿ, ನುರುಜುಗಲ್ಲು. ಕೆಳಗೆ ಗಟ್ಟಿ ಜಂಬಿಟ್ಟಿಗೆಯ ಪದರ. ಒಣಗಿದ್ದಾಗ ಇಲ್ಲಿ ಟಯರ್ ಡಾಂಬರಿಗಿಂತ ಹೆಚ್ಚು ತಿರುಗಲೇಬೇಕು, ನೂರಕ್ಕೆ 30ರಷ್ಟು ಜಾರಿದರೂ ಪರವಾಗಿಲ್ಲ. ಹುಡಿಯನ್ನು ಕೆರೆದು ಗಟ್ಟಿ ಪದರ ಮುಟ್ಟಿದಾಗಲೇ ಹಿಡಿತ ಸಿಗುವುದು. ಮುಂಚೆ ಹೊರಟ ಗಾಡಿಗಳು ಈ ಕೆಲಸವನ್ನು ಮಾಡಿಟ್ಟಿರುತ್ತವೆ. ಆದ್ದರಿಂದ ಒಣ ದಿನ ಸ್ಟಾರ್ಟ್ ಗೆರೆಯಲ್ಲಿ ಅವರ ಚಕ್ರದ ಜಾಡಿನೊಳಗೇ ನಿಲ್ಲಿ. ಮಳೆ ಬಂದ ದಿನ ಅದೇ ಜಾಡಿನಲ್ಲಿ ಕೆಸರು ನಿಂತಿರುತ್ತದೆ, ಆಗ ಒಂದು ಟಯರಿನ ಅಗಲ ಪಕ್ಕಕ್ಕೆ ಸರಿದು ನಿಲ್ಲಿ. ಕೆಸರಿನಲ್ಲಿ ಹೆಚ್ಚು ತಿರುಗಿಸಿದರೆ ಟಯರಿನ ಹಲ್ಲುಗಳ ನಡುವೆ ಮಣ್ಣು ಮೆತ್ತಿಕೊಂಡು ಹೊಸ ಟಯರ್ ಕೂಡ ಬೋಳು ಟಯರಿನಂತೆ ವರ್ತಿಸುತ್ತದೆ.

ಇಲ್ಲಿಯೇ ಡಿಫರೆನ್ಶಿಯಲ್, ಅಂದರೆ ಎಂಜಿನ್ನಿನ ಬಲವನ್ನು ಎಡ, ಬಲ ಚಕ್ರಗಳಿಗೆ ಹಂಚುವ ಗೇರಿನ, ವಿಷಯವೂ ಬರುತ್ತದೆ. ಮಾಮೂಲಿ ಓಪನ್ ಡಿಫರೆನ್ಶಿಯಲ್ ಎರಡೂ ಚಕ್ರಗಳಿಗೆ ಒಂದೇ ಟಾರ್ಕ್ ಹಂಚುತ್ತದೆ. ಎಡಚಕ್ರ ನುರುಜಿನ ಮೇಲಿದ್ದು ಬಲಚಕ್ರ ಗಟ್ಟಿ ನೆಲದ ಮೇಲಿದ್ದರೆ, ಬಲಚಕ್ರಕ್ಕೂ ನುರುಜು ತಡೆಯುವಷ್ಟೇ ಬಲ ಸಿಗುವುದು. ಅದಕ್ಕೇ ಗೆರೆಗೆ ಬರುವ ಮುಂಚೆ ಇಳಿದು ನೋಡಿ, ಎಳೆಯುವ ಎರಡೂ ಚಕ್ರಗಳಡಿ ಒಂದೇ ಬಗೆಯ ನೆಲ ಇರುವಂತೆ ಜಾಗ ಆರಿಸಿ. ಬಿಡಿ ಕಲ್ಲುಗಳನ್ನು ಕಾಲಿನಲ್ಲೇ ಸರಿಸಿ. ಪುಕ್ಕಟೆ ಸಿಗುವ ಈ ಲಾಭವನ್ನು ಎಷ್ಟೋ ಜನ ಬಿಟ್ಟುಕೊಡುತ್ತಾರೆ.

ಮ್ಯಾನುಯಲ್ ಗೇರಿನ ಮುಂಚಕ್ರದ ಗಾಡಿಯ ಕ್ರಮ ಹೀಗಿದೆ. ಟಯರಿನ ಗಾಳಿಯನ್ನು ಕಂಪನಿ ಹೇಳಿದ್ದಕ್ಕಿಂತ ಮುಂದೆ ಮಾತ್ರ 2ರಿಂದ 3 ಪಿಎಸ್‌ಐ ಇಳಿಸಿ. ಇನ್ನೂ ಇಳಿಸಿದರೆ ಟಯರಿನ ಪಕ್ಕೆ ಓಲಾಡುತ್ತದೆ, ಕಲ್ಲಿನ ಮೇಲೆ ರಿಮ್ ಬಡಿಯುತ್ತದೆ. ಒಣ ಡಾಂಬರಿನಲ್ಲಿ ಟ್ರ್ಯಾಕ್ಷನ್ ಕಂಟ್ರೋಲ್ ಆಫ್ ಮಾಡಿ, ಇಲ್ಲದಿದ್ದರೆ ಚಕ್ರ ಸ್ವಲ್ಪ ಜಾರಿದ ಕೂಡಲೇ ಅದು ಎಂಜಿನ್ನಿನ ಕತ್ತು ಹಿಸುಕುತ್ತದೆ. ಒದ್ದೆಯಲ್ಲಿ, ಕಾಲು ಪಳಗುವ ತನಕ, ಅದು ಆನ್ ಇರಲಿ. ಸ್ಟೇರಿಂಗ್ ನೇರ ಇರಬೇಕು. ಎರಡು ಬೆರಳಿನಷ್ಟು ತಿರುಗಿದ್ದರೂ ಗಾಡಿ ಆ ಕಡೆ ಎಳೆಯುತ್ತದೆ, ಅದನ್ನು ಸರಿಪಡಿಸುವುದರಲ್ಲೇ ಸಮಯ ಹೋಗುತ್ತದೆ.

ಮೊದಲ ಗೇರ್ ಹಾಕಿ, ಕ್ಲಚ್ ಪೂರ್ತಿ ಒತ್ತಿ, ಹ್ಯಾಂಡ್ ಬ್ರೇಕ್ ಎಳೆದು 2,500 ಆರ್‌ಪಿಎಂ ಹಿಡಿಯಿರಿ. ಮುಳ್ಳು ಅಲುಗಬಾರದು, ವ್ರೂಂ ವ್ರೂಂ ಎಂದು ಏರಿಸಿ ಇಳಿಸುತ್ತಿದ್ದರೆ ಹೊರಡುವ ಕ್ಷಣಕ್ಕೆ ಅದು ಎಲ್ಲಿರುತ್ತದೋ ಗೊತ್ತಾಗುವುದಿಲ್ಲ. ಕ್ಲಚ್ಚನ್ನು ನಿಧಾನಕ್ಕೆ ಬಿಡುತ್ತ ಬನ್ನಿ. ಒಂದು ಜಾಗದಲ್ಲಿ ಗಾಡಿಯ ಮೂತಿ ಒಂಚೂರು ಏಳುತ್ತದೆ, ಎಂಜಿನ್ ದನಿ ದಪ್ಪಗಾಗುತ್ತದೆ. ಅದೇ ಕಚ್ಚುವ ಜಾಗ. ಅಲ್ಲಿ ಅರೆಗಳಿಗೆಗಿಂತ ಹೆಚ್ಚು ನಿಲ್ಲಬೇಡಿ. ಹ್ಯಾಂಡ್ ಬ್ರೇಕ್ ಬಿಡುತ್ತಿದ್ದಂತೆಯೇ ಪೆಡಲನ್ನು ಇನ್ನೊಂದು ಸೆಂಟಿಮೀಟರಿನಷ್ಟು ಬಿಟ್ಟು, ಅಲ್ಲಿ ಹಿಡಿಯಿರಿ. ಈ ಹಿಡಿಯುವುದೇ ಇಡೀ ವಿದ್ಯೆ. ಪೂರ್ತಿ ಬಿಟ್ಟುಬಿಟ್ಟರೆ ಒಂದೋ ಟಯರ್ ಸುತ್ತುತ್ತದೆ, ಇಲ್ಲವೇ ಎಂಜಿನ್ ಮುಗ್ಗರಿಸುತ್ತದೆ. ಒಂದರಿಂದ ಒಂದೂವರೆ ಸೆಕೆಂಡ್ ಹಾಫ್ ಕ್ಲಚ್ಚಿನಲ್ಲೇ ಗಾಡಿ ಗಂಟೆಗೆ 20, 25 ಕಿ.ಮೀ. ಮುಟ್ಟುತ್ತದೆ. ಅಷ್ಟು ಹೊತ್ತಿಗೆ ಎಂಜಿನ್ನಿನ ಸುತ್ತು ಮತ್ತು ಚಕ್ರದ ಸುತ್ತು ಹೊಂದಿಕೆಯಾಗಿರುತ್ತವೆ, ಆಗ ಎಡಗಾಲನ್ನು ಪೂರ್ತಿ ತೆಗೆಯಿರಿ. ಆಕ್ಸಿಲರೇಟರ್ ಒತ್ತುವುದು ಅದರ ನಂತರ, ಅದೂ ಒಂದೇ ಏಟಿಗಲ್ಲ. ಎರಡನೇ ಗೇರಿನಲ್ಲಿ ಚಕ್ರಕ್ಕೆ ಹೋಗುವ ಬಲ ಅರ್ಧದಷ್ಟಕ್ಕೆ ಇಳಿಯುವುದರಿಂದ ಒಣ ಡಾಂಬರಿನಲ್ಲಿ ಪೂರ್ತಿ ತುಳಿಯಬಹುದು.

2,500ರಲ್ಲಿ ಹೊರಟಾಗ ಎಂಜಿನ್ ಗುಟುಕು ಹಾಕಿ ಮುಗ್ಗರಿಸಿದರೆ ಮುಂದಿನ ಸಲ 300 ಏರಿಸಿ. ಟಯರ್ ಸುತ್ತಿದರೆ 300 ಇಳಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಒಣ ಕೆಮ್ಮಣ್ಣಿಗೆ ಕ್ಲಚ್ಚನ್ನು ಡಾಂಬರಿಗಿಂತ ಬೇಗ ಬಿಡಬಹುದು, ಜಾರುವ ಕೆಲಸವನ್ನು ಟಯರೇ ವಹಿಸಿಕೊಳ್ಳುತ್ತದೆ. ಕೆಸರಿನಲ್ಲಿ 1,500ರಿಂದ ಶುರು ಮಾಡಿ. ಟರ್ಬೊ ಇಲ್ಲದ ಎಂಜಿನ್ ಆದರೆ ಎತ್ತರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ: ಸಾವಿರ ಮೀಟರ್ ಎತ್ತರದ ಚಿಕ್ಕಮಗಳೂರಿನಲ್ಲಿ ಗಾಳಿ ಕರಾವಳಿಗಿಂತ ನೂರಕ್ಕೆ ಹತ್ತರಷ್ಟು ತೆಳು, ಎಂಜಿನ್ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಕುಗ್ಗುತ್ತದೆ. ಮಂಗಳೂರಿನಲ್ಲಿ ಕೂತುಬಂದ ಆರ್‌ಪಿಎಂ ಅಲ್ಲಿ ಸ್ವಲ್ಪ ಸಾಲದೆ ಬರುತ್ತದೆ.

ಕ್ಲಚ್ ಯಾಕೆ ಸುಡುತ್ತದೆ ಎನ್ನುವುದಕ್ಕೂ ಲೆಕ್ಕ ಇದೆ, ಒಮ್ಮೆ ಮಾಡಿದರೆ ಮರೆಯುವುದಿಲ್ಲ. 3,000 ಆರ್‌ಪಿಎಂ ಹಿಡಿದು ಹೊರಟರೆ ಮೇಲಿನ ಗಾಡಿಯಲ್ಲಿ ಕ್ಲಚ್ ಪೂರ್ತಿ ಹಿಡಿಯುವುದು 25 ಕಿ.ಮೀ. ವೇಗದಲ್ಲಿ. ಅಷ್ಟರೊಳಗೆ ಕ್ಲಚ್ ಪ್ಲೇಟ್ ನುಂಗುವ ಶಾಖ ಸುಮಾರು 33 ಕಿಲೋಜೂಲ್. 5,000 ಹಿಡಿದು ಅದೇ ರೀತಿ ಜಾರಿಸಿದರೆ ಹಿಡಿಯುವುದು 42 ಕಿ.ಮೀ. ವೇಗದಲ್ಲಿ, ಶಾಖ 90 ಕಿಲೋಜೂಲ್. ಆರ್‌ಪಿಎಂ ಒಂದೂ ಮುಕ್ಕಾಲು ಪಟ್ಟು ಕೂಡ ಆಗಲಿಲ್ಲ, ಶಾಖ ಮೂರು ಪಟ್ಟು ಹತ್ತಿರ ಆಯಿತು. ನೂರಕ್ಕೆ 10ರ ಏರಿನಲ್ಲಿ ಮೂರು ಸಾವಿರದ್ದೇ ಲಾಂಚ್ ಮಾಡಿದರೂ ಶಾಖ ಕಾಲು ಭಾಗಕ್ಕಿಂತ ಹೆಚ್ಚು ಏರುತ್ತದೆ, ಯಾಕೆಂದರೆ ಗಾಡಿ ವೇಗ ಹಿಡಿಯಲು ಹೆಚ್ಚು ಹೊತ್ತು ಬೇಕು. ಮೂರು ಲಾಂಚ್ ಆದ ಮೇಲೆ ಹತ್ತು ನಿಮಿಷ ನಿಧಾನಕ್ಕೆ ಓಡಿಸಿ ಆರಿಸಿ. ಕ್ಲಚ್ ಒತ್ತಿಕೊಂಡೇ ನಿಲ್ಲಿಸಿಕೊಳ್ಳುವುದು ಆರಿಸಿದ ಹಾಗಲ್ಲ, ರಿಲೀಸ್ ಬೇರಿಂಗ್ ಸವೆಯುತ್ತದೆ ಅಷ್ಟೇ.

ಏರಿನಲ್ಲಿ ಮುಂಚಕ್ರದ ಗಾಡಿಗೆ ಮತ್ತೊಂದು ಕಷ್ಟ. 590 ಕೆ.ಜಿ. ಹಿಡಿತದಲ್ಲಿ 130 ಕೆ.ಜಿ. ಗಾಡಿಯನ್ನು ಹಿಂದಕ್ಕೆ ಜಾರದಂತೆ ಹಿಡಿಯುವುದಕ್ಕೇ ಹೋಗುತ್ತದೆ. ಕೆಸರಿನಲ್ಲಿ 220ರಲ್ಲಿ 130 ಹೋದರೆ ಉಳಿಯುವುದು 90, ಅಲ್ಲಿ ಲಾಂಚ್ ಎನ್ನುವ ಮಾತೇ ಇಲ್ಲ, ನಿಲ್ಲದೆ ಹೊರಟರೆ ಸಾಕು. ಹಿಲ್ ಹೋಲ್ಡ್ (ಏರಿನಲ್ಲಿ ಬ್ರೇಕನ್ನು ತಾನೇ ಹಿಡಿದಿಡುವ ವ್ಯವಸ್ಥೆ) ಇರುವ ಗಾಡಿಯಲ್ಲಿ ಬ್ರೇಕ್ ತನ್ನಷ್ಟಕ್ಕೆ ಬಿಡುವ ಕ್ಷಣ ನಿಮ್ಮ ಕೈಯಲ್ಲಿರುವುದಿಲ್ಲ. ಕೈಯಿಂದ ಎಳೆಯುವ ಹ್ಯಾಂಡ್ ಬ್ರೇಕ್ ಇದ್ದರೆ ಅದನ್ನೇ ನಂಬಿ.

ಹಿಂಚಕ್ರದ ಗಾಡಿಯಲ್ಲಿ ಹೊರಟಾಗ ತೂಕ ಎಳೆಯುವ ಚಕ್ರಗಳ ಕಡೆಗೇ ಬರುತ್ತದೆ. ಅರ್ಧಕ್ಕರ್ಧ ತೂಕ ಹಂಚಿದ ಅದೇ 1,300 ಕೆ.ಜಿ. ಗಾಡಿಗೆ ಒಣ ಡಾಂಬರಿನಲ್ಲಿ 720 ಕೆ.ಜಿ. ಹಿಡಿತ ಸಿಗುತ್ತದೆ. ಪೋರ್ಷೆ 911ರಲ್ಲಿ ಎಂಜಿನ್ ಹಿಂದಿನ ಆಕ್ಸಲ್‌ಗಿಂತಲೂ ಹಿಂದೆ ಕೂತಿರುವುದರಿಂದ ಇನ್ನೂ ಹೆಚ್ಚು. ಆದರೆ ಕೆಸರಿನಲ್ಲಿ ಅರ್ಧಕ್ಕರ್ಧದ ಗಾಡಿಗೆ ಸಿಗುವುದು 208, ಮುಂಚಕ್ರದ್ದಕ್ಕಿಂತ 12 ಕೆ.ಜಿ.ಯಷ್ಟು ಕಡಿಮೆಯೇ. ಜಾರುವ ನೆಲದಲ್ಲಿ ವೇಗೋತ್ಕರ್ಷ ಕಡಿಮೆ, ಹಿಂದಕ್ಕೆ ವಾಲುವ ತೂಕವೂ ಕಡಿಮೆ. ಮಳೆಗಾಲದ ಮಣ್ಣಿನ ಟ್ರ್ಯಾಕಿನಲ್ಲಿ ಮುಂಚಕ್ರದ ಹ್ಯಾಚ್‌ಬ್ಯಾಕ್‌ಗಳು ಯಾಕೆ ಅಷ್ಟು ಚೆನ್ನಾಗಿ ಏಳುತ್ತವೆ ಎನ್ನುವುದಕ್ಕೆ ಉತ್ತರ ಇಲ್ಲಿದೆ. ನಾಲ್ಕೂ ಚಕ್ರ ಎಳೆಯುವ ಗಾಡಿಗೆ ಹಿಡಿತ ಹೆಚ್ಚು, ಆದರೆ ಟಯರ್ ಜಾರದೇ ಹೋದಾಗ ಏಟೆಲ್ಲ ಕ್ಲಚ್, ಆಕ್ಸಲ್‌ಗಳ ಮೇಲೆ ಬೀಳುತ್ತದೆ ಎಂಬುದು ನೆನಪಿರಲಿ.

ಎರಡು ಕ್ಲಚ್ಚಿನ ಆಟೋಮ್ಯಾಟಿಕ್ (ಫೋಕ್ಸ್‌ವ್ಯಾಗನ್, ಸ್ಕೋಡಾದವರು ಡಿಎಸ್‌ಜಿ ಎನ್ನುವುದು ಇದನ್ನೇ) ಗಾಡಿಗಳಲ್ಲಿ ಲಾಂಚ್ ಕಂಟ್ರೋಲ್ (ಹೊರಡುವ ಆರ್‌ಪಿಎಂ ಅನ್ನು ಗಾಡಿಯೇ ಹಿಡಿಯುವ ವ್ಯವಸ್ಥೆ) ಇದ್ದರೆ ಕೆಲಸ ಸುಲಭ. 2020ರಲ್ಲಿ ಭಾರತಕ್ಕೆ 200 ಮಾತ್ರ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 245 ಅಂಥದ್ದು. ಎಂಜಿನ್, ಗೇರ್‌ಬಾಕ್ಸ್ ಎರಡೂ ಬಿಸಿಯಾಗಿರಬೇಕು, ಇಎಸ್‌ಸಿ (ಗಾಡಿ ಜಾರದಂತೆ ಹಿಡಿಯುವ ವ್ಯವಸ್ಥೆ) ಸ್ಪೋರ್ಟ್‌ನಲ್ಲಿ, ಗೇರ್ ಎಸ್‌ನಲ್ಲಿ, ಎಡಗಾಲು ಬ್ರೇಕಿನ ಮೇಲೆ ಬಲವಾಗಿ, ಬಲಗಾಲು ಒಂದೇ ಸಲಕ್ಕೆ ತಳ ಮುಟ್ಟಲಿ. ಆರ್‌ಪಿಎಂ ಒಂದು ಕಡೆ ನಿಂತ ಕೂಡಲೇ ಬ್ರೇಕ್ ಬಿಡಿ. ಆ ಆರ್‌ಪಿಎಂ ಡಾಂಬರಿಗೆಂದು ಕೂರಿಸಿದ್ದು. ಕೆಮ್ಮಣ್ಣಿನಲ್ಲಿ ಅದನ್ನು ಬಿಟ್ಟು ಕಾಲಿನಲ್ಲೇ ನಿಧಾನಕ್ಕೆ ಒತ್ತಿ ಹೊರಡುವುದು ಮೇಲು. ಎಣ್ಣೆಯಲ್ಲಿ ಮುಳುಗಿದ ಕ್ಲಚ್ ಶಾಖ ತಡೆಯುತ್ತದೆ. ಸಣ್ಣ ಟರ್ಬೊ ಗಾಡಿಗಳ ಒಣ ಕ್ಲಚ್ ಡಿಎಸ್‌ಜಿಯನ್ನು ಮೇಲಿಂದ ಮೇಲೆ ಲಾಂಚ್ ಮಾಡುವುದು ಬೇಡ. ಟಾರ್ಕ್ ಕನ್ವರ್ಟರ್ ಗಾಡಿಯಾದರೆ ಬ್ರೇಕ್ ಒತ್ತಿ ರೇಸ್ ಕೊಟ್ಟು ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ, ಶಕ್ತಿಯೆಲ್ಲ ಗೇರ್ ಆಯಿಲ್ ಕುದಿಸುವುದಕ್ಕೆ ಹೋಗುತ್ತದೆ.

ಆರ್‌ಪಿಎಂ ದಿಢೀರ್ ಏರಿ ಗಾಡಿ ಮುಂದೆ ಹೋಗದಿದ್ದರೆ ಜಾರುತ್ತಿರುವುದು ಟಯರೋ ಕ್ಲಚ್ಚೋ? ಟಯರ್ ಆದರೆ ಸದ್ದು ಇರುತ್ತದೆ, ಮುಂಚಕ್ರದ ಗಾಡಿಯಲ್ಲಿ ಸ್ಟೇರಿಂಗ್ ಹಗುರಾಗುತ್ತದೆ. ಕ್ಲಚ್ ಆದರೆ ಸದ್ದಿಲ್ಲ, ಸುಟ್ಟ ವಾಸನೆ ಒಳಗೆ ಬರುತ್ತದೆ. ಅನುಮಾನ ಇದ್ದರೆ ಟ್ರ್ಯಾಕಿನ ನೇರ ಭಾಗದಲ್ಲಿ ನಾಲ್ಕನೇ ಗೇರಿನಲ್ಲಿ 50ರ ವೇಗದಿಂದ ಪೂರ್ತಿ ತುಳಿದು ನೋಡಿ: ವೇಗಕ್ಕಿಂತ ಮುಂಚೆ ಆರ್‌ಪಿಎಂ ಏರಿದರೆ ಪ್ಲೇಟ್ ಸವೆದಿದೆ. ಇನ್ನೊಂದು ಲಕ್ಷಣ, ಹೊರಡುವಾಗ ಗಾಡಿಯ ಮುಂಭಾಗ ಡಗ ಡಗ ಡಗ ಎಂದು ಕುಣಿಯುವುದು. ಟಯರ್ ಹಿಡಿದು ಬಿಟ್ಟು ಹಿಡಿದು ಬಿಟ್ಟು ಮಾಡುವಾಗ ಬುಷ್, ಎಂಜಿನ್ ಮೌಂಟಿಂಗ್‌ಗಳು ಸ್ಪ್ರಿಂಗಿನಂತೆ ತಿರುಚಿ ಬಿಚ್ಚಿಕೊಳ್ಳುವುದರಿಂದ ಹೀಗಾಗುತ್ತದೆ. ಆಕ್ಸಲ್, ಸಿವಿ ಜಾಯಿಂಟ್ (ಆಕ್ಸಲ್ ಬಾಗಿ ತಿರುಗುವ ಕೀಲು) ಮುರಿಯುವುದು ಬಹುಪಾಲು ಇದರಿಂದಲೇ. ಕುಣಿತ ಶುರುವಾದ ಕೂಡಲೇ ಕಾಲು ತೆಗೆಯಿರಿ, ಆ ಲಾಂಚ್ ಅಲ್ಲಿಗೆ ಬಿಡಿ. ಹಟ ಹಿಡಿದು ತುಳಿದರೆ ವರ್ಕ್‌ಶಾಪಿನ ಬಿಲ್ ದೊಡ್ಡದಾಗುತ್ತದೆ.

ಅಳೆಯದೆ ಅಭ್ಯಾಸ ಮಾಡಿ ಪ್ರಯೋಜನವಿಲ್ಲ. ಮೊಬೈಲಿನ ಜಿಪಿಎಸ್ ಸಾಮಾನ್ಯವಾಗಿ ಸೆಕೆಂಡಿಗೊಮ್ಮೆ ಮಾತ್ರ ಜಾಗ ಗುರುತಿಸುತ್ತದೆ, ಮೂರು ಸೆಕೆಂಡಿನ ಕೆಲಸಕ್ಕೆ ಅದು ಬಾರದು. ಗೆರೆಯಲ್ಲೊಂದು, 20 ಮೀಟರಿಗೊಂದು ಗೂಟ ನೆಟ್ಟು, ಗೆಳೆಯರೊಬ್ಬರು ದೂರದಲ್ಲಿ ಪಕ್ಕಕ್ಕೆ ನಿಂತು ಸೆಕೆಂಡಿಗೆ 240 ಫ್ರೇಮಿನ ಸ್ಲೋ ಮೋಷನ್‌ನಲ್ಲಿ ಚಿತ್ರಿಸಲಿ. ಫ್ರೇಮ್ ಎಣಿಸಿ 240ರಿಂದ ಭಾಗಿಸಿದರೆ ಸಮಯ ಸಿಕ್ಕಿತು. ಒಂದು ಆರ್‌ಪಿಎಂಗೆ ಮೂರು ಸಲ ಮಾಡಿ, ಮಧ್ಯದ ಸಮಯವನ್ನು ಬರೆದುಕೊಳ್ಳಿ. ಅತಿ ಚೆನ್ನಾಗಿ ಬಂದದ್ದು ಅದೃಷ್ಟವಿರಬಹುದು. ಸಮಯದ ಪಕ್ಕದಲ್ಲಿ ನೆಲ ಒಣಗಿತ್ತೋ ಒದ್ದೆಯೋ, ಟಯರಿನಲ್ಲಿ ಎಷ್ಟು ಗಾಳಿ ಇತ್ತು ಎಂದೂ ಬರೆಯಿರಿ.

ಮುಗಿಸಿ ಹೊರಡುವ ಮುಂಚೆ ಇಳಿಸಿದ ಗಾಳಿಯನ್ನು ಮತ್ತೆ ತುಂಬಿಸಿ, ವೀಲ್ ಬೋಲ್ಟ್‌ಗಳನ್ನು ಟಾರ್ಕ್ ರೆಂಚಿನಿಂದ ಒಮ್ಮೆ ನೋಡಿ. ಎಷ್ಟೋ ಗಾಡಿಗಳಲ್ಲಿ ಕ್ಲಚ್ಚಿಗೂ ಬ್ರೇಕಿಗೂ ಒಂದೇ ಡಬ್ಬಿಯ ಎಣ್ಣೆ. ಹೊಸ ಡಾಟ್ 4 ಎಣ್ಣೆ 230 ಡಿಗ್ರಿಗೆ ಮುಂಚೆ ಕುದಿಯಬಾರದು, ತೇವ ಹೀರಿದ್ದಕ್ಕೆ ಆ ಮಿತಿ 155ಕ್ಕೆ ಇಳಿಯುತ್ತದೆ. ಆಗುಂಬೆ, ಹೊಸನಗರದಂಥ ಕಡೆ ಮಳೆಗಾಲವಿಡೀ ತೇವದಲ್ಲೇ ನಿಲ್ಲುವ ಗಾಡಿಗೆ ಎರಡು ವರ್ಷಕ್ಕೊಮ್ಮೆ ತಪ್ಪದೆ ಬದಲಾಯಿಸಿ. ಪೆಡಲ್ ಮೆತ್ತಗಾಗಿದ್ದರೆ ಅಲ್ಲಿಯವರೆಗೂ ಕಾಯಬೇಡಿ. ಮನೆಗೆ ಬಂದು ತೊಳೆಯುವಾಗ ಆಕ್ಸಲ್ಲಿನ ರಬ್ಬರ್ ಬೂಟಿನ ಮಡಿಕೆಗಳೊಳಗೆ ಕೂತ ಕೆಮ್ಮಣ್ಣನ್ನು ನೀರಿನಲ್ಲಿ ನೆನೆಸಿ ತೆಗೆಯಿರಿ. ಒಣಗಿದ ಮೇಲೆ ಅದು ಉಜ್ಜುಕಾಗದದಂತೆ ರಬ್ಬರನ್ನು ಕೊಯ್ಯುತ್ತದೆ. ಬೂಟಿನ ಸುತ್ತ ಗ್ರೀಸ್ ಸಿಡಿದ ಗುರುತು ಕಂಡರೆ ಜಾಯಿಂಟಿನೊಳಗೆ ಮಣ್ಣು ಸೇರುವ ಮುಂಚೆ, ಆ ವಾರವೇ ಬೂಟ್ ಹಾಕಿಸಿಬಿಡಿ.